ಮದರಾಸಿನಲ್ಲಿ ಕಂಡ ಸಿಲ್ವಿಯಾ

"ಅಕ್ಕಾ, ನಿಮ್ಮ ಗೇಟಿನ ಮುಂದೆ ಜಲ್ಲಿ ಸುರಿದಿದಾರಲ್ಲ, ಅದರ ಮೇಲೆ ಒಂದು ಬಿಂದಿಗೆ ನೀರು ಹುಯ್ದರೆ ಏನಾಗುತ್ತೆ?"

"ಸಂದಿಗೊಂದಿಲಿ ಇಳಿದುಹೋಗುತ್ತೆ. ಯಾಕಮ್ಮ?"

"ಆಕಾಶದಲ್ಲೂ ಅಂಥದ್ದೊಂದು ರಾಶಿ ಇದೆ ಅಕ್ಕ. ಸಿಲ್ವಿಯಾ ಅಂತ ಒಂದು ಕ್ಷುದ್ರಗ್ರಹ. ಮಂಗಳ, ಗುರುಗಳ ನಡುವಿನ ಪಟ್ಟಿಯ ಹೊರ ಅಂಚಲ್ಲಿ ಓಡಾಡ್ಕೊಂಡಿದೆ. ಸೂರ್ಯನ್ನ ಒಂದು ಸುತ್ತು ಹಾಕೋಕೆ ಆರೂವರೆ ವರ್ಷ ಬೇಕು. ತನ್ನ ಸುತ್ತ ತಾನು ತಿರುಗೋದು ಮಾತ್ರ ಐದು ಗಂಟೆ ಚಿಲ್ಲರೆಗೆಲ್ಲ ಮುಗಿದೇಹೋಗುತ್ತೆ."

"ಯಾರು ಕಂಡುಹಿಡಿದದ್ದು?"

"ನಾರ್ಮನ್ ಪಾಗ್ಸನ್ ಅಂತ, ಮದರಾಸಿನ ವೀಕ್ಷಣಾಲಯದಲ್ಲಿ, 1866ರ ಮೇ ತಿಂಗಳಲ್ಲಿ. ಆ ಸೆಕೆ ನೆನೆಸ್ಕೊಳ್ಳಿ! ಫೋಟೋ ತೆಗೆದು ಹುಡುಕೋ ಕಾಲ ಅಲ್ಲ ಅದು. ನಕ್ಷತ್ರಗಳ ನಕ್ಷೆ ಮುಂದಿಟ್ಟುಕೊಂಡು, ದೂರದರ್ಶಕದಲ್ಲಿ ಕಣ್ಣು ನೆಟ್ಟು, ನಕ್ಷೇಲಿಲ್ಲದ ಚುಕ್ಕಿ ಯಾವುದು, ನಾಳೆ ರಾತ್ರಿಗೆ ಅದು ಜರುಗುತ್ತಾ ಅಂತ ಕಾಯಬೇಕು. ಹಿಂದೆ 1861ರಲ್ಲೂ ಅಲ್ಲೇ ಒಂದು ಕಂಡಿದ್ರು. ಏಷ್ಯಾ ಖಂಡದಿಂದ ಸಿಕ್ಕ ಮೊದಲನೇದು ಅಂತ ಅದಕ್ಕೆ ಏಷ್ಯಾ ಅಂತಲೇ ಹೆಸರು."

"ಇದಕ್ಕೆ ಸಿಲ್ವಿಯಾ ಅಂತ ಯಾಕಮ್ಮ?"

"ಅದೇ ನನಗೆ ಮೈ ಜುಮ್ಮೆನ್ನಿಸೋದು. ರಿಯಾ ಸಿಲ್ವಿಯಾ ರೋಮಿನ ಪುರಾಣದ ತಾಯಿ. ರೋಮುಲಸ್, ರೀಮಸ್ ಅವಳ ಅವಳಿ ಮಕ್ಕಳು. ಪಾಗ್ಸನ್ ತೀರಿಕೊಂಡಿದ್ದು 1891ರಲ್ಲಿ. ಅವರ ಪಾಲಿಗೆ ಅದು ಒಂಟಿ ಚುಕ್ಕಿ. 2001ರಲ್ಲಿ ಹವಾಯಿಯ ಕೆಕ್ ದೂರದರ್ಶಕಕ್ಕೆ ಅದರ ಪಕ್ಕ ಒಂದು ಪುಟ್ಟ ಚಂದ್ರ ಕಾಣಿಸ್ತು. ಆಮೇಲೆ ಚಿಲಿಯಲ್ಲಿ ತೆಗೆದ ಚಿತ್ರಗಳಲ್ಲಿ ಇನ್ನೊಂದು! ಎರಡು ಚಂದ್ರ ಇರೋ ಕ್ಷುದ್ರಗ್ರಹ ಅಂತ ಗೊತ್ತಾಗಿದ್ದು ಇದೇ ಮೊದಲು. ಮಕ್ಕಳ ಹೆಸರಂತೂ ಸಿದ್ಧವಾಗೇ ಇತ್ತಲ್ಲ."

"ಆಹಾ! ಅದಿರಲಿ, ಜಲ್ಲಿ ವಿಷಯ ಹೇಳ್ತಿದ್ದೆ."

"ಅಲ್ಲಿಗೇ ಬಂದೆ. ಚಂದ್ರ ಎಷ್ಟು ದೂರದಲ್ಲಿ, ಎಷ್ಟು ಬೇಗ ಸುತ್ತುತ್ತೆ ಅಂತ ಗೊತ್ತಾದ್ರೆ ತಾಯಿಯ ತೂಕ ಲೆಕ್ಕ ಹಾಕಬಹುದು. ಹಾಕಿ ನೋಡಿದ್ರೆ, ಸುಮಾರು 270 ಕಿಲೋಮೀಟರ್ ಅಗಲದ ದೇಹ, ಸಾಂದ್ರತೆ ನೀರಿಗಿಂತ ಸ್ವಲ್ಪವೇ ಜಾಸ್ತಿ. ಗಟ್ಟಿ ಬಂಡೆ ಅಷ್ಟು ಹಗುರ ಇರೋಕಾಗಲ್ಲ. ಒಳಗೆ ಸಂದುಗಳಿರಬೇಕು, ಹಿಮವೂ ಇರಬೇಕು. ಮಕ್ಕಳು ಸಿಗದೇ ಇದ್ದಿದ್ರೆ ತಾಯಿಯ ಒಡಲು ಹೇಗಿದೆ ಅಂತ ತಿಳೀತಾನೇ ಇರಲಿಲ್ಲ."

"ಆ ಪಾಗ್ಸನ್‌ಗೆ ಮಕ್ಕಳಿದ್ರಾ?"

"ಐಸಿಸ್ ಅಂತ ಮಗಳು. 1856ರಲ್ಲಿ ಅವರು ಆಕ್ಸ್‌ಫರ್ಡಲ್ಲಿ ಕಂಡ ಕ್ಷುದ್ರಗ್ರಹಕ್ಕೂ ಅದೇ ಹೆಸರು. ಆಕೆ ಮದರಾಸಲ್ಲಿ ಅಪ್ಪನ ಜೊತೆ ವರ್ಷಗಟ್ಟಲೆ ದುಡಿದಳು. 1886ರಲ್ಲಿ ಅಪ್ಪನೇ ಅವಳ ಹೆಸರನ್ನ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಗೆ ಸೂಚಿಸಿದ್ರು. ಹೆಂಗಸರನ್ನ ಸೇರಿಸ್ಕೊಳ್ಳೋ ನಿಯಮ ಇಲ್ಲ ಅಂದ್ಬಿಟ್ರು ಅಕ್ಕ. ಅವಳನ್ನ ಸೇರಿಸ್ಕೊಂಡಿದ್ದು 1920ರಲ್ಲಿ."