ಜಾಲಿಯ ಮುಳ್ಳೂ ನನ್ನ ಬೆನ್ನೂ

ಪಕ್ಷಿವೀಕ್ಷಣೆಯು ಶಾಂತಚಿತ್ತರ ವ್ಯಸನವೆಂದು ಯಾರು ಹೇಳಿದರೋ, ಅವರು ಬಳ್ಳಾರಿ ಜಾಲಿಯನ್ನು ಕಂಡವರಂತೂ ಅಲ್ಲ. ತಮಿಳುನಾಡಿನ ಕಡಲಂಚಿನ ಕೋಡಿಯಕ್ಕರೈ ಅಭಯಾರಣ್ಯಕ್ಕೆ ಈ ಚಳಿಗಾಲ ಪುನಃ ಹೋಗಿ, ಕೊರಳಲ್ಲಿ ದುರ್ಬೀನು ತೂಗಿಸಿಕೊಂಡು ರಾಜಹಂಸಗಳ ದರ್ಶನಭಾಗ್ಯವನ್ನು ನಿರೀಕ್ಷಿಸುತ್ತಿದ್ದ ನನ್ನ ಕೈಗೆ, ಸ್ವಯಂಸೇವಕನೆಂಬ ಬಿರುದಿನೊಡನೆ ಒಂದು ಗುದ್ದಲಿಯೂ ಬಂದಿತು. 1967ರಲ್ಲಿ ಕೃಷ್ಣಮೃಗಗಳ ರಕ್ಷಣೆಗಾಗಿ ಸ್ಥಾಪಿತವಾಗಿ, 2002ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಯನ್ನೂ ಸೇರಿದ ಆ ಪುಣ್ಯಭೂಮಿಯ ಹುಲ್ಲುಬಯಲನ್ನು ಈ ಜಾಲಿಯು ಆಕ್ರಮಿಸುತ್ತಿದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಬಿಟ್ಟರೆ ಅದರ ಕಾಯಿ ಮೇಯ್ದ ಪಶುಗಳೇ ಬೀಜವನ್ನು ಸಗಣಿಯೊಡನೆ ಊರೆಲ್ಲ ಬಿತ್ತಿಬರುತ್ತವೆ. ಇಂತಹ ಮಾಯಾವಿಯ ಮೇಲೆ, ಆಜನ್ಮ ಕುರ್ಚಿಯನ್ನೇ ನಂಬಿ ಬಾಳಿದ ನನ್ನ ಬೆನ್ನು ಸಮರ ಹೂಡಿತು; ಸಂಜೆಯ ಹೊತ್ತಿಗೆ ಗಿಡದ ಕಡೆ ಒಂದೆರಡು ಬೇರು, ನನ್ನ ಕಡೆ ಅಸಂಖ್ಯಾತ ಮುಳ್ಳುಗಳು ಲೆಕ್ಕಕ್ಕೆ ಸಿಕ್ಕವು.

ಬಳಿಕ ಕುಂಟುತ್ತ ಉಪ್ಪುನೀರಿನ ಜೌಗಿಗೆ ಹೋದರೆ, ಸುಮಾರು 25 ಗ್ರಾಂ ತೂಕದ ಲಿಟ್ಲ್ ಸ್ಟಿಂಟ್ ಹಕ್ಕಿಗಳು, ಉತ್ತರಧ್ರುವದ ಸಮೀಪದ ತವರಿನಿಂದ ಸಾವಿರಾರು ಮೈಲಿ ಹಾರಿಬಂದ ಆಯಾಸವನ್ನು ಕಿಂಚಿತ್ತೂ ತೋರದೆ, ಕಾಲು ನಿಲ್ಲದಂತೆ ಓಡಾಡುತ್ತ ಕೆಸರನ್ನು ಕುಕ್ಕುತ್ತಿದ್ದವು. ರೈಲಿನಲ್ಲಿ ಮೇಲಿನ ಬರ್ತು ದೊರೆತುದನ್ನೇ ಮಹಾಸಂಕಟವೆಂಬಂತೆ ಸಿಕ್ಕಸಿಕ್ಕವರಿಗೆಲ್ಲ ಸಾರಿದ್ದ ನಾನು, ಅಮೃತಾಂಜನದ ಡಬ್ಬಿಯನ್ನು ಮೆಲ್ಲನೆ ಜೇಬಿಗಿಳಿಸಿದೆ. ಮುಂದಿನ ವರ್ಷವೂ ಬರುವೆನೆಂದು ಅಲ್ಲಿಯವರಿಗೆ ಮಾತು ಕೊಟ್ಟಾಗಿದೆ; ಬೆನ್ನಿಗೆ ಮಾತ್ರ ಈ ಸಮಾಚಾರವನ್ನು ಇನ್ನೂ ತಿಳಿಸಿಲ್ಲ.