ಕಳ್ಳನ ಕಾಲು, ಟೈಗರನ ಹಲ್ಲು

ಚಿನ್ನದ ಊರಿಗೆ ಬಂದ ಕಳ್ಳ ನಮ್ಮ ಮನೆಯ ತಾಮ್ರದ ಹಂಡೆಗೆ ಕೈಹಾಕಿದ. ಅವನ ಅಭಿರುಚಿಯನ್ನು ನಾನು ಹಳಿಯುವುದಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ನಮ್ಮ ಲೈನ್ ಮನೆಗಳ ಸುತ್ತ ಹಳದಿಯಾಗಿ ಹೊಳೆಯುವುದು ಸೈನೈಡ್ ದಿಬ್ಬದ ಮೇಲಿನ ಸಂಜೆ ಬಿಸಿಲು ಮಾತ್ರ.

ಹಿತ್ತಲಿನ ಹಂಡೆ ಒಲೆಯ ಬೆಚ್ಚನೆ ಬೂದಿಯಲ್ಲಿ ಟೈಗರ್ ಮಲಗಿದ್ದ. ಹೆಸರು ಕಾಡಿನದು, ಕುಲ ಬೀದಿಯದು. ಆ ರಾತ್ರಿಯವರೆಗೂ ಅವನು ಕಚ್ಚಿದ್ದು ಬನ್ನನ್ನಷ್ಟೇ. ಕಳ್ಳ ಕತ್ತಲಲ್ಲಿ ಬಾಲ ತುಳಿದಿರಬೇಕು. ಮೊದಲು ಟೈಗರನ ಕೂಗು, ಹಿಂದೆಯೇ "ಅಯ್ಯೋ ಅಮ್ಮಾ!" ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅಮ್ಮ ಅಮ್ಮನೇ ಆದ್ದರಿಂದ ಕಳ್ಳ ಯಾವ ಲೈನಿನವನೆಂದು ತಿಳಿಯಲಿಲ್ಲ. ಹಂಡೆ ಉಳಿಯಿತು. ಜೊತೆಗೊಂದು ಎಡಗಾಲಿನ ಚಪ್ಪಲಿ ಲಾಭವಾಯಿತು.

ಬೆಳಿಗ್ಗೆ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಈ ಶೌರ್ಯವನ್ನು ಬೋಗಿಗೆಲ್ಲ ಹಂಚಿದೆ. ಬಂಗಾರಪೇಟೆ ಕೋರ್ಟಿಗೆ ಹೋಗುವ ವಕೀಲರೊಬ್ಬರು ಪೇಪರ್ ಮಡಿಸಿದರು. "ಕೇಸು ನಿಮ್ಮ ಮೇಲೂ ಬೀಳಬಹುದು ಸ್ವಾಮಿ."

ಊರಗಾಂ ಬರುವಷ್ಟರಲ್ಲಿ ನಾನು ಆರೋಪಿಯಾಗಿದ್ದೆ. ಸಾಕಿದ ಪ್ರಾಣಿಯಿಂದ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗದಂತೆ ನೋಡಿಕೊಳ್ಳುವುದರಲ್ಲಿ ನಿರ್ಲಕ್ಷ್ಯ ತೋರಿದರೆ ಆರು ತಿಂಗಳವರೆಗೆ ಜೈಲು. ಹಳೆಯ ದಂಡಸಂಹಿತೆಯ 289ನೇ ಕಲಮಿನಲ್ಲಿ ಸಾವಿರ ರೂಪಾಯಿಯವರೆಗಿದ್ದ ದಂಡ, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 291ರಲ್ಲಿ ಐದು ಸಾವಿರಕ್ಕೇರಿದೆ. ಹಂಡೆಯ ಬೆಲೆ ಅಷ್ಟಿಲ್ಲ.

"ನಾಯಿ ಇದೆ ಎಚ್ಚರಿಕೆ ಅಂತ ಬೋರ್ಡು ಹಾಕಿದ್ದೀರಾ?"

"ಮೂರು ಭಾಷೆಯಲ್ಲಿ!" ಎಂದೆ, ಎದೆಯುಬ್ಬಿಸಿ.

"ಹಾಗಾದರೆ ನಾಯಿ ಕಚ್ಚುತ್ತದೆಂದು ನಿಮಗೆ ಮೊದಲೇ ಗೊತ್ತಿತ್ತು."

"ಬೋರ್ಡು ಕಿತ್ತುಹಾಕಲೇ?"

"ಆಗ ಎಚ್ಚರಿಸಲೇ ಇಲ್ಲ ಅಂತಾಗುತ್ತದೆ."

ಕೋರಮಂಡಲ್ ದಾಟಿದ ಮೇಲೆ ಅವರಿಗೇ ಕರುಣೆ ಬಂತು. ರಾತ್ರಿ ಹೊತ್ತು ಕದಿಯಲು ಮನೆಗೆ ನುಗ್ಗುವುದೇ ದೊಡ್ಡ ಅಪರಾಧ; ಸ್ವತ್ತನ್ನು ಕಾಪಾಡಿಕೊಳ್ಳುವ ಹಕ್ಕು ನಮಗಿದೆ. ಕಾಂಪೌಂಡಿನೊಳಗೇ ಇದ್ದ ನಾಯಿ ಕಚ್ಚಿದರೆ ಅದನ್ನು ಯಜಮಾನನ ನಿರ್ಲಕ್ಷ್ಯ ಎನ್ನುವುದು ಕಷ್ಟ. ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. "ಬರಿಗೈಯಲ್ಲಿ ಓಡುತ್ತಿದ್ದವನ ಮೇಲೆ ಛೂ ಬಿಟ್ಟಿಲ್ಲ ತಾನೇ?"

ನಾನು ಕಿಟಕಿಯ ಕಡೆ ತಿರುಗಿದೆ. ಕಳ್ಳ ಗೋಡೆ ಹಾರಿದ್ದು ಖಾತ್ರಿಯಾದ ಮೇಲೆ, ಚಿಲಕ ಹಾಕಿದ ಬಾಗಿಲ ಹಿಂದೆ ನಿಂತು, "ಹಿಡಿ ಟೈಗರ್!" ಎಂದು ನಾನು ಗರ್ಜಿಸಿದ್ದು ನಿಜ. ಟೈಗರ್ ಕದಲಲಿಲ್ಲ. ಅವನನ್ನು ಮರಿಯಿಂದ ಬೆಳೆಸಿದ್ದು ಎದುರುಮನೆಯ ತಮಿಳು ಅಜ್ಜಿ. ಅವನಿಗೆ "ಪಿಡಿ" ಅಂದರಷ್ಟೇ ಅರ್ಥ. ಹಳಗನ್ನಡದಲ್ಲೂ ಅದು ಪಿಡಿಯೇ. ಹತ್ತನೆಯ ಶತಮಾನದಲ್ಲಿ ಹಂದಿಯೊಡನೆ ಹೋರಾಡಿ ಸತ್ತು, ಆತಕೂರಿನಲ್ಲಿ ಕಲ್ಲು ನೆಡಿಸಿಕೊಂಡ ಕಾಳಿ ಎಂಬ ನಾಯಿಯೂ ನನ್ನ "ಹಿಡಿ"ಗೆ ಕಿವಿಗೊಡುತ್ತಿರಲಿಲ್ಲವೇನೋ. ಹೊಸಗನ್ನಡ ನನ್ನನ್ನು ಜೈಲಿನಿಂದ ಉಳಿಸಿತು.

ವಕೀಲರು ಬಂಗಾರಪೇಟೆಯಲ್ಲಿ ಇಳಿದರು. ಫೀಜು: ಸಂಜೆಗೆ ಒಂದು ಪ್ಲೇಟು ಬಿಳಿನೀರಿನ ಪಾನಿಪುರಿ.

ಮನೆಯಲ್ಲಿ ಇನ್ನೊಂದು ಕೋರ್ಟು ಕಾದಿತ್ತು. "ರೀ, ಪಾಪ, ಆ ಕಳ್ಳ ಇಂಜೆಕ್ಷನ್ ಹಾಕಿಸ್ಕೊಂಡ್ನೋ ಇಲ್ವೋ?" ಎಂದಳು ನನ್ನಾಕೆ. ಟೈಗರನ ಲಸಿಕೆ ಕಾರ್ಡು ಹುಡುಕಿದೆವು. ವಾಯಿದೆ ಮುಗಿದು ನಾಲ್ಕು ತಿಂಗಳಾಗಿತ್ತು. ಅಷ್ಟೂ ಪ್ರಶ್ನೆಗಳಲ್ಲಿ ನನಗೆ ಉತ್ತರ ಹೊಳೆಯದಿದ್ದುದು ಅವಳ ಈ ಒಂದಕ್ಕೇ. ಹತ್ತು ದಿನ ಟೈಗರನನ್ನು ಕಟ್ಟಿಹಾಕಿ ಕಣ್ಣಿಟ್ಟೆವು. ಬನ್ನು ತಿಂದುಕೊಂಡು ಚೆನ್ನಾಗಿಯೇ ಇದ್ದ. ಆಮೇಲೆ ಲಸಿಕೆಯೂ ಆಯಿತು.

ಚಪ್ಪಲಿಯ ಯಜಮಾನರು ಇದನ್ನು ಓದುತ್ತಿದ್ದರೆ ಒಂದು ಮಾತು: ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದಿರಾ? ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಸೂಜಿ ಪುಕ್ಕಟೆ, ಹೇಳಿದ ದಿನಗಳನ್ನು ತಪ್ಪಿಸಬೇಡಿ. ಚಪ್ಪಲಿ ಜೋಪಾನವಾಗಿದೆ. ಹಗಲು ಹೊತ್ತು ಬನ್ನಿ, ಮುಂಬಾಗಿಲಿನಿಂದ.