ಹೋಮ್ ಸಿಗ್ನಲ್‌ನಲ್ಲಿ ಉಸಿರು

ಹಾಸನ ಸೀಮೆಯಿಂದ ಲೋಕಕ್ಕೆ ಹೋದದ್ದು ಆಲೂಗೆಡ್ಡೆ, ಕೊಬ್ಬರಿ ಮಾತ್ರ ಎಂದುಕೊಂಡವರಿಗೆ ಒಂದು ಸಮಾಚಾರ: ಉಸಿರೂ ಹೋಗಿದೆ. ಹಾಸನದ ಹತ್ತಿರದ ಕೌಶಿಕದ ಪಟ್ಟಾಭಿ ಜೋಯಿಸರು 1927ರಲ್ಲಿ, ಇನ್ನೂ ಹನ್ನೆರಡರ ಹುಡುಗ, ಹಾಸನದಲ್ಲಿ ಕೃಷ್ಣಮಾಚಾರ್ಯರ ಯೋಗ ಪ್ರದರ್ಶನ ನೋಡಿ ಅವರ ಬೆನ್ನು ಹತ್ತಿದರು. ಮುಂದೆ ಅಮೆರಿಕ, ಯುರೋಪಿನವರೆಲ್ಲ ಮೈಸೂರಿಗೆ ಬಂದು, ಜೋಯಿಸರ ಮುಂದೆ ಗಂಟಲಲ್ಲಿ ಸದ್ದು ಹೊರಡಿಸಿ ಉಸಿರಾಡುವುದನ್ನು ಕಲಿತು ಹೋದರು. ಅರಸೀಕೆರೆಯ ನಾವು ಹೆಚ್ಚುಕಡಿಮೆ ಅದೇ ಸದ್ದನ್ನು ರಾತ್ರಿಯಿಡೀ ಬಿಟ್ಟಿಯಾಗಿ ಹೊರಡಿಸುತ್ತಿದ್ದೆವು, ಕೇಳಿದವರಿಲ್ಲ.

ನನಗೆ ಪ್ರಾಣಾಯಾಮ ಹಿಡಿಸಿದವರು ನಮ್ಮ ಬೀದಿಯ ರಿಟೈರ್ಡ್ ಗಾರ್ಡ್ ಸಾಹೇಬರು. ಪೂರಕ ಒಂದು ಪಾಲಾದರೆ ಕುಂಭಕ ನಾಲ್ಕು, ರೇಚಕ ಎರಡು ಎಂಬುದು ಶಾಸ್ತ್ರದ ಲೆಕ್ಕ. ಕುಂಭಕವೆಂದರೆ ಗಾಡಿ ಹೋಮ್ ಸಿಗ್ನಲ್‌ನಲ್ಲಿ ನಿಂತ ಹಾಗೆ ಎಂಬುದು ಸಾಹೇಬರ ಭಾಷ್ಯ. "ನಿಮಗೆ ಬಿ.ಪಿ. ಇದೆ ಮೇಷ್ಟ್ರೇ, ಗಾಡಿ ನಿಲ್ಲಿಸೋದೇ ಬೇಡ, ನಿಧಾನಕ್ಕೆ ಓಡಿಸಿ ಸಾಕು" ಎಂದರು. ನಿಮಿಷಕ್ಕೆ 12ರಿಂದ 20 ಸಲ ಆಡುವ ಉಸಿರನ್ನು 6ರ ಆಸುಪಾಸಿಗೆ ಇಳಿಸಿದರೆ ಎದೆಬಡಿತವೂ ತಣ್ಣಗಾಗುತ್ತದಂತೆ. ಆದರೆ ಊರು ಜಂಕ್ಷನ್ನು. ಹುಬ್ಬಳ್ಳಿ ಕಡೆಯದೊಂದು, ಹಾಸನದ ಕಡೆಯದೊಂದು ಗಾಡಿ ಬರುತ್ತಲೇ ಇರುತ್ತವೆ. ಭ್ರಾಮರಿಗೆ ಕೂತು ನಾನು ಗುಂಯ್ ಎಂದರೆ ಗೂಡ್ಸು ಅದಕ್ಕಿಂತ ಜೋರಾಗಿ ಉತ್ತರ ಕೊಡುತ್ತಿತ್ತು.

ಇಷ್ಟಾದರೂ ಹುರುಪು ಬಂದದ್ದು ನಿಜ. ಬಂದ ಹುರುಪು ಮನೆಯವಳ ಕಣ್ಣಿಗೆ ಬಿದ್ದದ್ದೇ ಕಷ್ಟವಾಯಿತು. "ಮುಖ ಕಳೆಕಳೆಯಾಗಿದೆಯಲ್ಲ ಕಣ್ರೀ, ಅಟ್ಟದ ಕಾಯಿ ಇಳಿಸಿಬಿಡಿ." ವರ್ಷವಿಡೀ ಅಟ್ಟದಲ್ಲಿ ಒಣಗಿ ಒಳಗೆ ಉಂಡೆಗೊಬ್ಬರಿಯಾದ ಕಾಯಿಗಳು ಅವು, ಒಂದೂ ತಾನಾಗಿ ಇಳಿಯುವುದಿಲ್ಲ. ಪ್ರಾಣಾಯಾಮದ ಪುಸ್ತಕಗಳು ಶಕ್ತಿ ಸಂಚಯನದ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ಅದನ್ನು ಮನೆಯವರಿಂದ ಬಚ್ಚಿಡುವುದು ಹೇಗೆಂದು ಒಂದು ಸಾಲೂ ಇಲ್ಲ.

ಅಷ್ಟರಲ್ಲಿ ಭಾವಮೈದುನನ ಸಂಸಾರ ಬಂತು. ಅರಸೀಕೆರೆಯಲ್ಲಿ ಮನೆ ಮಾಡಿದವರು ನೆಂಟರಿಗೆ ಬೇಲೂರು–ಹಳೇಬೀಡು ತೋರಿಸಲೇಬೇಕು. 1117ರ ಚೆನ್ನಕೇಶವ ದೇಗುಲದಲ್ಲಿ ಎಲ್ಲರೂ ಕತ್ತೆತ್ತಿ ಮದನಿಕೆಯರ ಒಡವೆ ನೋಡಿದರು. ನಾನು ನೋಡಿದ್ದು ಉಸಿರು. ಕುಣಿಯಲಿ, ಬೇಟೆಯಾಡಲಿ, ಒಬ್ಬಳಿಗೂ ಏದುಸಿರಿಲ್ಲ. ಹೊಯ್ಸಳರ ಯೋಗನರಸಿಂಹನಂತೂ ಮಂಡಿಗಳಿಗೆ ಯೋಗಪಟ್ಟಿ ಬಿಗಿದುಕೊಂಡೇ ಕೂರುತ್ತಾನೆ. ದೇವರಿಗೇ ಆಸರೆ ಬೇಕೆಂದ ಮೇಲೆ ನಾನು ಗೋಡೆಗೆ ಒರಗುವುದರಲ್ಲಿ ಅಪಚಾರವೇನೂ ಕಾಣಲಿಲ್ಲ.

ಹಳೇಬೀಡಿನ ಗದ್ದಲ ದಾಟಿ ಬಸದಿಹಳ್ಳಿಗೆ ಹೋದೆವು. 1133ರ ಬಸದಿಯಲ್ಲಿ ಪಾರ್ಶ್ವನಾಥ ಕಾಯೋತ್ಸರ್ಗದಲ್ಲಿ ನೆಟ್ಟಗೆ ನಿಂತಿದ್ದಾನೆ. ಹಾಗೆ ನಿಂತವನಿಗೆ ಕಾಯಿ ಇಳಿಸು ಎನ್ನುವ ಧೈರ್ಯ ಯಾರಿಗಿದೆ? ಹೊರಗೆ ಕಂಬಕ್ಕೊರಗಿ ಕೂತೆ. ಗಾಡಿಯಿಲ್ಲ, ಗೂಡ್ಸಿಲ್ಲ. ಉಸಿರು ನಿಧಾನಕ್ಕೆ ಹತೋಟಿಗೆ ಬಂತು. ಕಣ್ಣು ಬಿಟ್ಟರೆ ಎದುರಿಗೆ ಭಾವಮೈದುನ, ನನ್ನನ್ನೇ ಅಳೆಯುತ್ತ ನಿಂತಿದ್ದ.

"ಭಾವ, ಮೈಯಲ್ಲಿ ಒಳ್ಳೇ ಕಸುವು ಬಂದಿದೆ ನಿಮಗೆ," ಎಂದ. "ಈ ವರ್ಷ ತಿಪಟೂರಲ್ಲಿ ಅಟ್ಟ ಹತ್ತೋಕೆ ಆಳೇ ಸಿಕ್ತಿಲ್ಲ."